ಆರು ವಾರದ ಕೆಲಸ, ಮೊದಲ ಸಂಬಳ

ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದಲ್ಲಿ ಶಾಲೆ ಕಾಲೇಜುಗಳಿಗೆ ಬೇಸಿಗೆ ರಜೆ ಬಿದ್ದಾಗ, 14ರಿಂದ 24 ವರ್ಷದ ಸಾವಿರಾರು ಸ್ಥಳೀಯ ಹುಡುಗ ಹುಡುಗಿಯರಿಗೆ ಆರು ವಾರಗಳ ಮಟ್ಟಿಗೆ ಕೆಲಸ ಗೊತ್ತುಮಾಡಿ, ನಗರದ ಬೊಕ್ಕಸದಿಂದಲೇ ಸಂಬಳ ಕೊಡುವ ವ್ಯವಸ್ಥೆಗೆ ಮರಿಯನ್ ಬ್ಯಾರಿ ಬೇಸಿಗೆ ಯುವ ಉದ್ಯೋಗ ಯೋಜನೆ ಎಂದು ಹೆಸರು. ಕರ್ನಾಟಕದ ಬೇಸಿಗೆ ಶಿಬಿರಗಳಿಗೆ ಹೆತ್ತವರು ಶುಲ್ಕ ಕಟ್ಟಿ ಮಕ್ಕಳನ್ನು ಕಳುಹಿಸುವುದು ರೂಢಿಯಾದರೆ, ಇಲ್ಲಿ ಬೇಸಿಗೆ ಕಳೆದ ಮಕ್ಕಳು ತಮ್ಮ ದುಡಿಮೆಯ ಹಣವನ್ನು ಮನೆಗೆ ತರುತ್ತಾರೆ. ಈ ಯೋಜನೆಗೆ ಹೆಸರು ಕೊಟ್ಟ ಮನುಷ್ಯನ ಬಾಲ್ಯವನ್ನು ತಿಳಿಯದೆ ಅದರ ಒಳಗಿರುವ ಹಟ ಅರ್ಥವಾಗುವುದಿಲ್ಲ.

ಮರಿಯನ್ ಬ್ಯಾರಿ 1936ರಲ್ಲಿ ಮಿಸ್ಸಿಸಿಪ್ಪಿ ರಾಜ್ಯದ ಇಟ್ಟಾ ಬೇನಾ ಎಂಬ ಸಣ್ಣ ಊರಿನಲ್ಲಿ, ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕಪ್ಪುವರ್ಣೀಯ ಗೇಣಿದಾರರ ಮನೆಯಲ್ಲಿ ಹುಟ್ಟಿ, ಎಳವೆಯಲ್ಲೇ ಹತ್ತಿ ಬಿಡಿಸಿದವರು. ಕುಟುಂಬ ಮೆಂಫಿಸ್ ನಗರಕ್ಕೆ ಬಂದ ಮೇಲೆ ಅವರು ಮನೆಮನೆಗೆ ಪತ್ರಿಕೆ ಹಾಕುತ್ತಿದ್ದಾಗ, ಹದಿನೈದು ಹೊಸ ಚಂದಾದಾರರನ್ನು ಹಿಡಿದುತಂದ ಹುಡುಗರಿಗೆ ನ್ಯೂ ಆರ್ಲಿಯನ್ಸ್ ಪ್ರವಾಸ ಮಾಡಿಸುವುದಾಗಿ ಪತ್ರಿಕೆಯವರು ಸಾರಿದ್ದರು. ಬ್ಯಾರಿ ಹದಿನೈದು ಮಂದಿಯನ್ನು ಹಿಡಿದರೂ, ವರ್ಣಭೇದದ ನಿಯಮದಂತೆ ಬಿಳಿಯರಿಗೊಂದು ಕಪ್ಪುವರ್ಣೀಯರಿಗೊಂದು ಎಂದು ಎರಡು ಬಸ್ಸು ಮಾಡಲು ಹಣವಿಲ್ಲವೆಂಬ ಕಾರಣ ಹೇಳಿ ಅವರನ್ನು ಕೈಬಿಡಲಾಯಿತು. ಹುಡುಗ ಪತ್ರಿಕೆ ಹಾಕುವುದನ್ನೇ ನಿಲ್ಲಿಸಿಬಿಟ್ಟ; ಅಂಥ ನಿಯಮವಿಲ್ಲದ ಸೇಂಟ್ ಲೂಯಿಸ್ ನಗರಕ್ಕೆ ಕಪ್ಪು ಹುಡುಗರನ್ನು ಕರೆದೊಯ್ಯಲು ಪತ್ರಿಕೆಯವರು ಒಪ್ಪಿದ ಮೇಲೆಯೇ ಮತ್ತೆ ಕೆಲಸಕ್ಕೆ ಬಂದ. ದುಡಿದವನಿಗೆ ದುಡಿಮೆಯ ಫಲ ತಪ್ಪಿದಾಗ ಆಗುವ ಅವಮಾನವನ್ನು ಹೀಗೆ ಎಳೆಯ ವಯಸ್ಸಿನಲ್ಲೇ ಉಂಡವರು ಮುಂದೆ ಅಧಿಕಾರಕ್ಕೆ ಬಂದಾಗ ಅದನ್ನು ಮರೆಯಲಿಲ್ಲವೆಂಬುದೇ ಅವರ ದೊಡ್ಡ ಗುಣ.

ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಬ್ಯಾರಿ, ಅಹಿಂಸಾ ಮಾರ್ಗದಿಂದ ಸಮಾನ ಹಕ್ಕಿಗಾಗಿ ಹೋರಾಡಿದ ವಿದ್ಯಾರ್ಥಿ ಸಮನ್ವಯ ಸಮಿತಿಗೆ 1960ರಲ್ಲಿ ಮೊದಲ ಅಧ್ಯಕ್ಷರಾಗಿ, 1965ರಲ್ಲಿ ವಾಷಿಂಗ್ಟನ್ನಿಗೆ ಬಂದರು. 1967ರಲ್ಲಿ ಅವರು ಸಂಗಡಿಗರೊಡನೆ ಕಟ್ಟಿದ 'ಪ್ರೈಡ್' ಎಂಬ ಸಂಸ್ಥೆ, ಕೇಂದ್ರ ಸರ್ಕಾರದ ಹಣ ಪಡೆದು, ನಿರುದ್ಯೋಗಿ ಕಪ್ಪು ಯುವಕರಿಗೆ ಗಲ್ಲಿ ಗುಡಿಸುವ, ಇಲಿ ಹಿಡಿಯುವ ಕೆಲಸ ಕೊಟ್ಟಿತು. 1979ರ ಜನವರಿಯಲ್ಲಿ ಮೇಯರ್ ಆದ ಬ್ಯಾರಿ ಅದೇ ವರ್ಷ ಬೇಸಿಗೆ ಯೋಜನೆಯನ್ನು ಆರಂಭಿಸಿ, ಕೆಲಸ ಬೇಕೆಂದ ಪ್ರತಿ ಹದಿಹರೆಯದವರಿಗೂ ಕೆಲಸ ಕೊಡುವ ಮಾತು ಕೊಟ್ಟರು.

ಚಳಿಗಾಲದಲ್ಲೇ ಅರ್ಜಿ ಹಾಕಿ, ವಯಸ್ಸು ಮತ್ತು ನಗರವಾಸದ ದಾಖಲೆ ಕೊಟ್ಟವರಿಗೆ ಸರ್ಕಾರಿ ಕಚೇರಿ, ಮಕ್ಕಳ ಶಿಬಿರ, ಖಾಸಗಿ ಸಂಸ್ಥೆ ಮುಂತಾದೆಡೆ ಕೆಲಸ ಸಿಗುತ್ತದೆ. ಎಷ್ಟು ಗಂಟೆ ದುಡಿದರೆಂಬುದನ್ನು ಅಲ್ಲಿನ ಮೇಲ್ವಿಚಾರಕರು ಒಪ್ಪಿದ ಮೇಲಷ್ಟೇ ಸಂಬಳ ಬರುವುದರಿಂದ, ಹೊತ್ತಿಗೆ ಸರಿಯಾಗಿ ಬರುವುದು ಎಳೆಯರು ಕಲಿಯುವ ಮೊದಲ ಪಾಠ.

ಇಂಥ ಯೋಜನೆಗಳಿಂದ ಏನು ಲಾಭವೆಂಬ ಪ್ರಶ್ನೆಗೆ ಬೇರೆ ನಗರಗಳಿಂದ ಉತ್ತರ ಬಂದಿದೆ. ಷಿಕಾಗೊ ನಗರದ 1,634 ವಿದ್ಯಾರ್ಥಿಗಳನ್ನು ಕುರಿತು ಸಾರಾ ಹೆಲ್ಲರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಸಿಗೆ ಕೆಲಸದ ಅವಕಾಶ ಸಿಕ್ಕವರಲ್ಲಿ ಹಿಂಸಾಕೃತ್ಯಗಳಿಗಾಗಿ ಆಗುವ ಬಂಧನಗಳು ಸುಮಾರು 16 ತಿಂಗಳ ಅವಧಿಯಲ್ಲಿ ಶೇ 43ರಷ್ಟು ಇಳಿದವು. ನ್ಯೂಯಾರ್ಕಿನಲ್ಲಿ ಅರ್ಜಿಗಳು ಮಿತಿಮೀರುವುದರಿಂದ ಚೀಟಿ ಎತ್ತುವ ಕ್ರಮವಿದ್ದು, ಅಲ್ಲಿ ಗೆದ್ದವರ ಮತ್ತು ಸೋತವರ ಬದುಕನ್ನು ಹೋಲಿಸಿದ ಅರ್ಥಶಾಸ್ತ್ರಜ್ಞರು, ಮುಂದಿನ ವರ್ಷಗಳ ಗಳಿಕೆ ಹೆಚ್ಚದಿದ್ದರೂ ಸೆರೆವಾಸ ಮತ್ತು ಅಕಾಲ ಮರಣ ಕಡಿಮೆಯಾದದ್ದನ್ನು ಕಂಡರು. ಆರು ವಾರದ ದುಡಿಮೆ ಪ್ರಾಣ ಉಳಿಸಬಲ್ಲುದಾದರೆ, ಅದನ್ನು ಚೀಟಿಯ ಅದೃಷ್ಟಕ್ಕೆ ಬಿಡುವುದು ತರವಲ್ಲ.

ವಾಷಿಂಗ್ಟನ್ನಿನ ಯೋಜನೆಯೂ ಕುಂದಿಲ್ಲದೆ ನಡೆದದ್ದಲ್ಲ. ಮಾಡಲು ಕೆಲಸವೇ ಇಲ್ಲದೆ ಎಳೆಯರನ್ನು ಕೂರಿಸಿ ಕಳುಹಿಸುತ್ತಾರೆಂಬ ದೂರು ಹಳೆಯದು. 2008ರ ಬೇಸಿಗೆಯಲ್ಲಿ ವೆಚ್ಚ ಅಂದಾಜನ್ನು ಮೀರಿ, ಸಂಬಳದ ಲೆಕ್ಕವೂ ಗೋಜಲಾಯಿತು. ಬ್ಯಾರಿಯವರ ಬದುಕಿನಲ್ಲೂ ಮಾದಕವಸ್ತುವಿನ ಪ್ರಕರಣ, ಸೆರೆಮನೆವಾಸ ಬಂದುಹೋದವು. ಆದರೂ ನಗರದ ಜನ 1994ರಲ್ಲಿ ಅವರನ್ನು ಮತ್ತೆ ಮೇಯರ್ ಆಗಿ ಆರಿಸಿದ್ದಕ್ಕೆ ಈ ಬೇಸಿಗೆಗಳ ಋಣವೂ ಒಂದು ಕಾರಣವಿರಬೇಕು.

2014ರ ನವೆಂಬರ್‌ನಲ್ಲಿ ಬ್ಯಾರಿ ತೀರಿಕೊಂಡಾಗ, ತಮ್ಮ ಮೊದಲ ಕೆಲಸ ಕೊಟ್ಟವರು ಅವರೇ ಎಂದು ನೆನೆದ ನಡುವಯಸ್ಸಿನವರ ಮಾತು ನಗರದಲ್ಲೆಲ್ಲ ಕೇಳಿಬಂತು. ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ, ನಗರಾಡಳಿತದ ಕಟ್ಟಡದ ಎದುರು 2018ರಲ್ಲಿ ನಿಲ್ಲಿಸಿದ ಅವರ ಕಂಚಿನ ಪ್ರತಿಮೆಯ ಮುಂದೆಯೇ ಈಗಲೂ ಪ್ರತಿ ಬೇಸಿಗೆ ಎಳೆಯರು ಕೆಲಸಕ್ಕೆಂದು ಹಾದುಹೋಗುತ್ತಾರೆ. ಅವರಲ್ಲಿ ಹೆಚ್ಚಿನವರು ಹುಟ್ಟುವ ಹೊತ್ತಿಗೆ ಬ್ಯಾರಿಯವರ ಮೇಯರ್‌ಗಿರಿಯೇ ಮುಗಿದುಹೋಗಿತ್ತು.