ನೂರರಲ್ಲಿ ಇಬ್ಬರನ್ನು ಗುರುತಿಸಿದ ಮೊಬೈಲು

ರೋಗ ನೀಗಲೆಂದು ಕೊಡುವ ಔಷಧವೇ ಕೆಲವರ ಪ್ರಾಣಕ್ಕೆ ಸಂಚಕಾರ ತಂದರೆ ಮಾಡುವುದೇನು? ಮಧ್ಯ ಆಫ್ರಿಕದ ಕ್ಯಾಮರೂನ್ ದೇಶದ ವೈದ್ಯರನ್ನು ಬಹುಕಾಲ ಕಾಡಿದ ಪ್ರಶ್ನೆಯಿದು.

ಅಲ್ಲಿಯ ನದೀತೀರಗಳಲ್ಲಿ ಒಂದು ಜಾತಿಯ ಕರಿನೊಣದ ಕಡಿತದಿಂದ ಹರಡುವ ‘ನದಿಗುರುಡು’ ಎಂಬ ವ್ಯಾಧಿಯುಂಟು. ಚರ್ಮದಲ್ಲಿ ಸೇರಿದ ಸೂಕ್ಷ್ಮ ಹುಳುಗಳು ಕಣ್ಣನ್ನು ಹೊಕ್ಕು ಕ್ರಮೇಣ ದೃಷ್ಟಿಯನ್ನೇ ಅಪಹರಿಸುತ್ತವೆ. ಊರಿಗೆ ಊರೇ ವರ್ಷಕ್ಕೊಮ್ಮೆ ಐವರ್‌ಮೆಕ್ಟಿನ್ ಗುಳಿಗೆ ನುಂಗಿದರೆ ರೋಗ ಹತೋಟಿಗೆ ಬರುತ್ತದೆ. ಆದರೆ ಅದೇ ಸೀಮೆಯಲ್ಲಿ ಲೋವಾ ಲೋವಾ ಎಂಬ ಮತ್ತೊಂದು ಹುಳುವೂ ಇದೆ. ಅದರ ಮರಿಗಳು ರಕ್ತದಲ್ಲಿ ಅತಿಯಾಗಿದ್ದವರು ಈ ಗುಳಿಗೆ ಸೇವಿಸಿದರೆ ಮಿದುಳಿಗೆ ಆಘಾತವಾಗಿ ಪ್ರಜ್ಞೆ ತಪ್ಪಬಹುದು, ಸಾವೂ ಸಂಭವಿಸಬಹುದು. 1999ರಲ್ಲಿ ಒಕೋಲಾ ಜಿಲ್ಲೆಯಲ್ಲಿ ಹೀಗೆ ಕೆಲವರಿಗೆ ತೀವ್ರ ಅಪಾಯ ಒದಗಿದ್ದರಿಂದ ಔಷಧ ವಿತರಣೆಯೇ ನಿಂತುಹೋಯಿತು.

ಅಪಾಯವಿದ್ದುದು ಕೆಲವರಿಗೆ ಮಾತ್ರ. ಅವರಾರೆಂದು ತಿಳಿಯಲು ರಕ್ತವನ್ನು ಗಾಜಿನ ಮೇಲೆ ಲೇಪಿಸಿ, ಸೂಕ್ಷ್ಮದರ್ಶಕದಲ್ಲಿ ನುರಿತವರು ಎಣಿಸಬೇಕು. ಹಳ್ಳಿಹಳ್ಳಿಗೂ ಅಂಥವರನ್ನು ಎಲ್ಲಿಂದ ತರುವುದು?

ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇನಿಯಲ್ ಫ್ಲೆಚರ್ ಹಾಗೂ ಸಂಗಡಿಗರು 2015ರಲ್ಲಿ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಬೆರಳ ತುದಿಯ ರಕ್ತವನ್ನು ಸಣ್ಣ ಗಾಜಿನ ಕೊಳವೆಗೆ ಏರಿಸಿ, ಮಸೂರವುಳ್ಳ ಪುಟ್ಟ ಪೆಟ್ಟಿಗೆಯಲ್ಲಿಟ್ಟರೆ, ಮೇಲೆ ಕೂರಿಸಿದ ಸ್ಮಾರ್ಟ್‌ಫೋನಿನ ಕ್ಯಾಮೆರಾ ಅದರ ವಿಡಿಯೋ ತೆಗೆಯುತ್ತದೆ. ಬಣ್ಣ ಹಚ್ಚುವ ಗೋಜಿಲ್ಲ. ಹುಳು ಹೊರಳಿದಾಗ ಸುತ್ತಲಿನ ರಕ್ತಕಣಗಳು ಕದಲುತ್ತವೆಯಷ್ಟೆ. ಆ ಕದಲಿಕೆಯನ್ನೇ ಲೆಕ್ಕಹಾಕಿ ಫೋನು ಎರಡು ಮೂರು ನಿಮಿಷಗಳಲ್ಲಿ ಸಂಖ್ಯೆಯನ್ನು ತಿಳಿಸುತ್ತದೆ. ಈ ಮರಿಗಳು ಬೆರಳಿನ ರಕ್ತದಲ್ಲಿ ಹೆಚ್ಚಾಗಿ ಕಾಣುವುದು ಹಗಲಿನಲ್ಲಿ. ಆದ್ದರಿಂದ ಪರೀಕ್ಷೆಯೂ ಹಗಲಿನಲ್ಲೇ. (ಬರಿಯ ಕ್ಯಾಮೆರಾಕ್ಕೆ ಬೆರಳೊತ್ತಿದರೆ ರಕ್ತದೊತ್ತಡ ಹೇಳುವೆವೆಂದು ಸಾರುವ ಆ್ಯಪುಗಳನ್ನು ವಾಚಕರು ದಯವಿಟ್ಟು ಇದರ ಸಾಲಿಗೆ ಸೇರಿಸಬಾರದು.)

ಅದೇ ವರ್ಷ ಒಕೋಲಾದಲ್ಲಿ 16,259 ಮಂದಿಯನ್ನು ಹೀಗೆ ಪರೀಕ್ಷಿಸಲಾಯಿತು. ಹುಳುಗಳು ಮಿತಿಮೀರಿದ್ದವರು 340 ಜನ, ಎಂದರೆ ನೂರಕ್ಕೆ ಇಬ್ಬರು. ನಮ್ಮ ಬ್ಯಾಂಕುಗಳಲ್ಲಿ ನೂರಕ್ಕೆ ಎರಡು ಸಾಲ ಮುಳುಗಿದರೆ ಹೇಗೋ ಸರಿದೂಗಿಸುತ್ತೇವೆ. ಇಲ್ಲಿ ಮುಳುಗುವುದು ಜೀವ. ಆ 340 ಜನರಿಗೆ ಗುಳಿಗೆ ಕೊಡಲಿಲ್ಲ. ಗರ್ಭಿಣಿಯರನ್ನೂ ಕಾಯಿಲೆಯವರನ್ನೂ ಬಿಟ್ಟು, ಉಳಿದ 15,522 ಮಂದಿ ಅದನ್ನು ನುಂಗಿದರು. ಕೆಲವರಿಗೆ ಸಣ್ಣಪುಟ್ಟ ತೊಂದರೆ ಕಾಣಿಸಿತು. ಗಂಭೀರ ಅಪಾಯ ಒಬ್ಬರಿಗೂ ಆಗಲಿಲ್ಲ.