ವಿದುರಾಶ್ವತ್ಥ: ಗುಂಡು ಹಾರಿಸಿದ್ದು ಬ್ರಿಟಿಷರಲ್ಲ

ಜಲಿಯನ್‌ವಾಲಾ ಬಾಗ್ ಅಂದ್ರೆ ಅಮೃತಸರ ಅಷ್ಟೇನಾ? ಬೆಂಗಳೂರಿನ ಜಯನಗರದಿಂದ ಗಾಡಿ ತೆಗೆದ್ರೆ ಎರಡೂವರೆ ಗಂಟೆ ದಾರಿ, ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥ. ನಾಗರಕಲ್ಲುಗಳ ಕ್ಷೇತ್ರ ಅಂತ ಎಲ್ರಿಗೂ ಗೊತ್ತು.

1938ರ ಏಪ್ರಿಲ್ 25. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಕಾಂಗ್ರೆಸ್ಸಿಗರು ನಿಷೇಧ ಮುರಿದು ತಮ್ಮ ಧ್ವಜ ಹಾರಿಸಿದ್ರು. ಇಲ್ಲೂ ನಿಷೇಧ ಇತ್ತು. ಇಲ್ಲೂ ಜನ ಸೇರಿದ್ರು. ಪೊಲೀಸರು ಗುಂಡು ಹಾರಿಸಿದ್ರು.

ಸತ್ತವರೆಷ್ಟು? ಸರ್ಕಾರದ ಲೆಕ್ಕ 10. ಜನರ ಲೆಕ್ಕ 30ಕ್ಕೂ ಹೆಚ್ಚು. ಇಂಥ ಸಾವುಗಳಿಗೆ ಯಾವಾಗಲೂ ಎರಡು ಲೆಕ್ಕ: 1919ರ ಅಮೃತಸರದಲ್ಲಿ ಸರ್ಕಾರ 379 ಅಂದ್ರೆ, ಕಾಂಗ್ರೆಸ್ ಸುಮಾರು ಸಾವಿರ ಅಂದಿತ್ತು.

ಆದ್ರೆ ಒಂದು ವ್ಯತ್ಯಾಸ. ಇಲ್ಲಿ ಗುಂಡು ಹಾರಿಸಿದ್ದು ಬ್ರಿಟಿಷರ ಸೈನ್ಯ ಅಲ್ಲ, ‘ಮಾದರಿ ಸಂಸ್ಥಾನ’ ಅನ್ನಿಸಿಕೊಂಡ ನಮ್ಮ ಮೈಸೂರಿನ ಪೊಲೀಸರು. ಮೈಸೂರು ಅರಸರ ಕಾಲ ಹೊಗಳುವಾಗ ಈ ಮಾತನ್ನ ನಾವು ಮೆಲ್ಲಗೆ ನುಂಗಿಬಿಡ್ತೀವಿ.

ಗಾಂಧೀಜಿ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಇಬ್ಬರನ್ನೂ ಕಳಿಸಿದ್ರು. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದ ಸರ್ಕಾರದ ಜೊತೆ ಮೇ ತಿಂಗಳಲ್ಲಿ ಒಪ್ಪಂದ ಆಯ್ತು. ಸಂಸ್ಥಾನದ ಬಾವುಟದ ಪಕ್ಕದಲ್ಲಿ ಕಾಂಗ್ರೆಸ್ ಧ್ವಜಕ್ಕೂ ಜಾಗ ಸಿಕ್ತು.

ಈಗ ಅಲ್ಲಿ ಹುತಾತ್ಮರ ಸ್ತೂಪ, ವೀರಸೌಧ ಇದೆ. ಮಕ್ಕಳಿಗೆ ಒಮ್ಮೆ ತೋರಿಸಿ.