ಮೃಗಶಿರಾ ಮಳೆಗೆ ಮುನ್ನ ಕೈಸೇರುವ ಹಣ

ಕೊಂಢವಾದಲ್ಲಿ ಮನೆ ಮಾಡಿರುವ ನಮ್ಮವರಿಗೆ, ಬೆಳಗಿನ ಹೊತ್ತು ಕೂಲಿಕಾರರು ಕಲೆಯುವ ನಾಕಾದಲ್ಲಿ ಕಿವಿಗೆ ಬೀಳುವ ಕನ್ನಡವು ಹೊಸದೇನಲ್ಲ. ಬುಟ್ಟಿ, ಸಲಿಕೆ ಹಿಡಿದು ನಿಂತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ರೈತರೂ ಇರುತ್ತಾರೆ. ನಮ್ಮ ಪಕ್ಕದ ಕಟ್ಟಡದಲ್ಲಿ ಗಾರೆ ಹೊರುತ್ತಿದ್ದ ಸೇಡಂ ಕಡೆಯ ಹೆಣ್ಣುಮಗಳೊಬ್ಬಳನ್ನು, ನಾಲ್ಕೆಕರೆ ತೊಗರಿಯ ಹೊಲವಿದ್ದೂ ಇಲ್ಲಿಗೇಕೆ ಬಂದೆಯೆಂದು ಕೇಳಿದೆ. “ರೊಕ್ಕ ಕೈಯಾಗ ಇದ್ದಿದ್ರ ಯಾಕ ಬರತಿದ್ದಿವಿರೀ, ಅಕ್ಕಾರ?” ಎಂದಳು.

ಮಾವ ಕಾಲು ಮುರಿದುಕೊಂಡು ಖಾಸಗಿ ಆಸ್ಪತ್ರೆ ಸೇರಿದಾಗ ತಂದ ಸಾಲ 40,000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಎಂದರೆ ತಿಂಗಳಿಗೆ 1,200, ವರ್ಷಕ್ಕೆ 14,400. ಕೇಂದ್ರ ಸರಕಾರವು 2019ರಲ್ಲಿ ಆರಂಭಿಸಿದ ಕಿಸಾನ್ ಸಮ್ಮಾನ್ ಯೋಜನೆಯು ವರ್ಷಕ್ಕೆ ಕೊಡುವ 6,000 ರೂಪಾಯಿಯು ಐದು ತಿಂಗಳ ಬಡ್ಡಿಗಷ್ಟೇ ಸರಿ. ಅದೂ ಇವರಿಗೆ ದೊರೆತಿಲ್ಲ. ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇದೆ.

ಬಡವರ ಕೈಗೆ ಹಣ ಕೊಟ್ಟರೆ ಸೆರೆಯ ಅಂಗಡಿಗೆ ಹೋಗುವುದೆಂದು ನಮ್ಮಲ್ಲಿ ಓದಿದವರೂ ಹೇಳುವುದುಂಟು. ಮಧ್ಯಪ್ರದೇಶದಲ್ಲಿ 2011ರಿಂದ ‘ಸೇವಾ’ ಮಹಿಳಾ ಸಂಘಟನೆಯು ಯುನಿಸೆಫ್ ನೆರವಿನಿಂದ ಈ ಮಾತನ್ನು ಪರೀಕ್ಷಿಸಿತು. ಎಂಟು ಹಳ್ಳಿಗಳಲ್ಲಿ ಪ್ರತಿ ವಯಸ್ಕರಿಗೆ ತಿಂಗಳಿಗೆ 200, ಮಗುವಿಗೆ 100, ಮುಂದೆ 300 ಮತ್ತು 150 ರೂಪಾಯಿಗಳನ್ನು ಯಾವ ಕರಾರೂ ಇಲ್ಲದೆ ಕೊಡಲಾಯಿತು. ಕುಡಿತ ಹೆಚ್ಚಲಿಲ್ಲ. ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ತೂಕವು ಸುಧಾರಿಸಿತು. ಕೆಲವರು ಆಡುಕುರಿ ಕೊಂಡರು, ಕೆಲವರ ಸಾಲ ಇಳಿಯಿತು.

ಆದರೆ ಮೊತ್ತದಷ್ಟೇ ಮುಖ್ಯವಾದುದು ಹಣ ಬರುವ ಕಾಲ. ತೊಗರಿಯ ಬಿತ್ತನೆ ಜೂನ್-ಜುಲೈನಲ್ಲಿ, ರಾಶಿ ಡಿಸೆಂಬರಿನಿಂದೀಚೆಗೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಶಾಲೆಯ ಪುಸ್ತಕ ಎಲ್ಲವೂ ಒಂದೇ ತಿಂಗಳಿನಲ್ಲಿ ಬಾಗಿಲಿಗೆ ಬರುತ್ತವೆ. ಆಗ ಮೊದಲು ಕಡಿಮೆಯಾಗುವುದು ಅಡುಗೆಮನೆಯ ಹಾಲು, ಎಣ್ಣೆ, ಬೇಳೆ. ತೊಗರಿ ಬೆಳೆಯುವವರ ಮನೆಯಲ್ಲಿಯೇ ಸಾರು ನೀರಾಗುತ್ತದೆ! ಎಲ್ಲರೂ ಉಂಡ ಮೇಲೆ ಉಣ್ಣುವ ಹೆಂಗಸರಲ್ಲಿ ರಕ್ತಹೀನತೆಯು ಮನೆಮಾಡುವುದು ಹೀಗೆ. ಬಿತ್ತನೆಗೆ ಸಾಲ ಕೊಟ್ಟ ವರ್ತಕನಿಗೇ ರಾಶಿಯ ಸಮಯದಲ್ಲಿ ಅವನು ಹೇಳಿದ ದರಕ್ಕೆ ಕಾಳು ಅಳೆಯಬೇಕು. ಮೇ ತಿಂಗಳಿನಲ್ಲಿ ಕೈಸೇರುವ ಎರಡು ಸಾವಿರವು ಸುಗ್ಗಿಯ ನಂತರದ ನಾಲ್ಕು ಸಾವಿರಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ.

ಊರಿಗೆ ಹೋಗುವ ವಾಚಕರು ಬಂಧುಗಳ ಕಾಗದಪತ್ರಗಳನ್ನೊಮ್ಮೆ ನೋಡಬೇಕು. ಸಮ್ಮಾನ್ ಯೋಜನೆಗೆ 2019ರ ಫೆಬ್ರವರಿ 1ರಂದು ಜಮೀನು ಹೆಸರಿನಲ್ಲಿರಬೇಕೆಂಬ ನಿಯಮವಿದ್ದರೂ ಉತ್ತರಾಧಿಕಾರಕ್ಕೆ ವಿನಾಯಿತಿಯುಂಟು. ಅದಕ್ಕೆ ಪೌತಿ ಖಾತೆಯಾಗಬೇಕು. ಪರರ ಹೊಲವನ್ನು ಲಾವಣಿಗೆ ಮಾಡುವವನಿಗೆ ಅದರಲ್ಲಿ ಪಾಲಿಲ್ಲವೆಂಬುದು ಅನ್ಯಾಯವೇ ಸರಿ. 2023ರ ಆಗಸ್ಟಿನಲ್ಲಿ ಪ್ರಾರಂಭವಾದ ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ ಪಡಿತರ ಚೀಟಿಯಲ್ಲಿನ ಮನೆಯೊಡತಿಗೆ ಸಲ್ಲುತ್ತದೆ. ಈ ಮನೆಯಲ್ಲಿ ಅದು ಅತ್ತೆಯ ಖಾತೆಗೆ ಬರುತ್ತದೆ. ಮೊಮ್ಮಕ್ಕಳ ಹಾಲು ನಡೆದಿರುವುದು ಅದರಿಂದ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಸುದ್ದಿಯನ್ನು ಮಾವ ಬಿದ್ದ ದಿನ ಇವರಿಗೆ ಯಾರೂ ಹೇಳಿರಲಿಲ್ಲ.

ಕಳೆದ ಮೇ ತಿಂಗಳಿನಲ್ಲಿ ನಮ್ಮ ನಾಲ್ಕು ಮನೆಯವರು ಕೂಡಿ 8,000 ರೂಪಾಯಿಗಳನ್ನು ಆಕೆಯ ಖಾತೆಗೆ ಹಾಕಿದೆವು, ಲೆಕ್ಕ ಕೇಳಲಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಆಕೆ ಊರು ಸೇರಿ, ವರ್ತಕನ ಬಾಗಿಲಿಗೆ ಹೋಗದೆ ಬೀಜ ತಂದು ಬಿತ್ತಿದಳು. ಆಸ್ಪತ್ರೆಯ ಸಾಲ ಇನ್ನೂ ಉಳಿದಿದೆ. ಗಂಡ ಇಂದಿಗೂ ಬೆಳಿಗ್ಗೆ ಏಳಕ್ಕೆ ನಾಕಾದಲ್ಲಿ ನಿಂತಿರುತ್ತಾನೆ.